ತೊಟ್ಟಿಲ ಮುಂದೆ ನಿಂತ ದೊಡ್ಡವ್ವ

ಮೊನ್ನೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದಾಗ ಗೂಡ್ಸ್ ಆಟೋವೊಂದು ಬಂದು ಪಕ್ಕದಲ್ಲಿ ನಿಂತಿತು. ಅದರ ತುಂಬ ಆಗಷ್ಟೇ ಕೊಯ್ದ ಹಿಪ್ಪುನೇರಳೆ ಸೊಪ್ಪು, ಮೇಲೆ ಒದ್ದೆ ಗೋಣಿತಾಟು. ಸ್ವಲ್ಪ ಹಾಲಿನಂತೆ, ಸ್ವಲ್ಪ ನೆಂದ ಮಣ್ಣಿನಂತೆ ಇದ್ದ ಆ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಸಿಂಧಘಟ್ಟದ ನಮ್ಮ ಹಳೆಯ ಮನೆಯ ಹುಳುವಿನ ಕೋಣೆಯ ಬಾಗಿಲಲ್ಲಿದ್ದೆ. ಒಳಗೆ ತಂಪು, ಅರೆಗತ್ತಲು. ಒಂದರ ಮೇಲೊಂದು ಜೋಡಿಸಿದ ಬಿದಿರಿನ ತಟ್ಟೆಗಳಲ್ಲಿ ಸಾವಿರಾರು ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು, ದೂರದ ಹೊಲದ ಮೇಲೆ ಸಣ್ಣ ಮಳೆ ಬಿದ್ದಂತೆ. ನಡುವೆ ಕಾಲು ಚಾಚಿ ಕೂತು ಸೊಪ್ಪು ಹೆಚ್ಚುತ್ತಿದ್ದ ದೊಡ್ಡವ್ವ. ಆ ಮನೆ ಈಗಿಲ್ಲ. ಭಾಗವಾಗಿ, ಕೆಡವಿ, ಆ ಜಾಗದಲ್ಲಿ ಮೂರು ಮನೆಗಳೆದ್ದಿವೆ. ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು, ಈಗ ಯಾವುದೋ ವಾಸನೆಯೊಳಗೆ ಮಾತ್ರ ಉಳಿದಿರುವಂಥದ್ದು.

ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ ಪುಟ್ಟತಾಯಮ್ಮ. ಅವಳಿಗೆ ಮಕ್ಕಳಿರಲಿಲ್ಲ. ಮನೆಗೆಲ್ಲ ನಾನೊಬ್ಬಳೇ ಮಗುವಾಗಿದ್ದ ಆ ವರ್ಷಗಳಲ್ಲಿ ನನ್ನ ತಲೆ ಬಾಚುತ್ತಿದ್ದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುತ್ತಿದ್ದವಳು ಅವಳು. ನಾನು ಹುಟ್ಟಿದಾಗಿನಿಂದ ಅವ್ವನಿಗೆ ಸೊಂಟದ ನೋವಿತ್ತು, ಹಾಗಾಗಿ ನನ್ನನ್ನು ಎತ್ತಿ ಆಡಿಸಿದ್ದೆಲ್ಲ ದೊಡ್ಡವ್ವನೇ. ಹುಳು ಸಾಕುವುದರಲ್ಲಿ ಅವಳ ಕೈಗುಣ ಹೆಸರಾಗಿತ್ತು. ಊರಿನಲ್ಲಿ ಯಾರೇ ಹೊಸದಾಗಿ ಹುಳು ಮೇಯಿಸಲು ಶುರುಮಾಡಿದರೂ ಮೊದಲ ಹಿಡಿ ಸೊಪ್ಪು ಉದುರಿಸಲು ಅವಳನ್ನೇ ಕರೆಯುತ್ತಿದ್ದರು. ಅವಳು ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಮದುವೆಗೆ ಹೊರಟವಳಂತೆ ಹೋಗಿ ಬರುತ್ತಿದ್ದಳು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನ ತಮ್ಮ ಹುಟ್ಟಿದ. ಮನೆ ಒಂದೇ ದಿನದಲ್ಲಿ ಅವನ ಕಡೆ ತಿರುಗಿಬಿಟ್ಟಿತು. ಅಪ್ಪ ಹೊಲದಿಂದ ಬಂದವನೇ ತೊಟ್ಟಿಲಿಗೆ ಬಗ್ಗುತ್ತಿದ್ದ, ಅಜ್ಜಿಯ ಕಥೆಗಳು ನಿಂತವು, ಅವ್ವನ ಕೋಣೆಯ ಬಾಗಿಲು ನನಗೆ ಅರ್ಧ ಮುಚ್ಚಿತು. ನನ್ನ ಎದೆಯಲ್ಲಿ ಏನೋ ಸುಡುತ್ತಿತ್ತು. ಅದಕ್ಕೆ ಹೆಸರು ಗೊತ್ತಿರಲಿಲ್ಲ. ಕೆಟ್ಟದ್ದು ಎಂಬುದಷ್ಟೇ ಗೊತ್ತಿತ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ.

ಹೆಸರಿಡುವ ದಿನ ಮನೆ ತುಂಬ ನೆಂಟರು. ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿ, ಒಬ್ಬೊಬ್ಬರಾಗಿ ಮಗುವನ್ನು ಎತ್ತಿ ಪಕ್ಕದವರ ಕೈಗೆ ಕೊಡುತ್ತಿದ್ದರು. ದೊಡ್ಡವ್ವನ ಸರದಿ ಬಂದಾಗ, ಮಾಕವಳ್ಳಿಯಿಂದ ಬಂದಿದ್ದ ಅಜ್ಜಿಯ ತಂಗಿ ಅವಳ ಮೊಣಕೈ ಹಿಡಿದು ಮೆಲ್ಲಗೆ, ನೀನು ಬೇಡ ಕಣವ್ವ, ಹಸುಗೂಸು, ಎಂದರು. ಬೈದದ್ದಲ್ಲ. ಮೆತ್ತಗೆ, ಕನಿಕರದಿಂದಲೇ ಅಂದದ್ದು. ಊರ ಹುಳುಗಳಿಗೆಲ್ಲ ಮೊದಲ ಸೊಪ್ಪು ಹಾಕುತ್ತಿದ್ದ ಕೈ ಅಲ್ಲಿ ಬೇಡವಾಯಿತು. ದೊಡ್ಡವ್ವ ತಲೆ ಆಡಿಸಿ, ಅಡುಗೆಮನೆಯನ್ನು ಹಾದು, ಹುಳುವಿನ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ.

ಅವಳು ಸೊಪ್ಪು ಹೆಚ್ಚುತ್ತಾ ಅಳುತ್ತಿದ್ದಳು. ದೊಡ್ಡವರು ಸಾವಿನ ಮನೆಯಲ್ಲಲ್ಲದೆ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಚಿಕ್ಕಜ್ಜಿಯ ಮಾತಿಗೆ ಅಳುತ್ತಿದ್ದಾಳೆ ಎಂದುಕೊಂಡು, ಅವರು ಅಂಗಂದಿದ್ದು ತಪ್ಪು ಅಲ್ವಾ ದೊಡ್ಡವ್ವ ಅಂದೆ. ಅವಳು ಕುಡುಗೋಲು ಕೆಳಗಿಟ್ಟು ನನ್ನನ್ನು ನೋಡಿದಳು.

"ಅವ್ರು ಅಂದಿದ್ದಕ್ಕಲ್ಲ ಮಗ. ನಂಗೆ ಹೊಟ್ಟೆ ಉರೀತದೆ. ನಿಮ್ಮವ್ವನ್ನ ಕಂಡ್ರೆ, ಆ ಕೂಸ ಕಂಡ್ರೆ, ಉರೀತದೆ. ಇಲ್ಲ ಅಂತ ಯಾಕ್ ಸುಳ್ಳು ಏಳ್ಳಿ?"

ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ದನಿ ಇಳಿಸಿ, "ನಿಂಗೂನಾ?" ಎಂದಳು.

ನಾನು ಹೂಂ ಎಂದೆ. ಅಷ್ಟು ದಿನ ಯಾರೂ ಕೇಳಿರಲಿಲ್ಲ. ಅವಳು ಬುದ್ಧಿ ಹೇಳಲಿಲ್ಲ, ತಮ್ಮ ಅಲ್ವಾ ಅನ್ನಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಅಳುವಷ್ಟು ಅತ್ತು ಹುಳುಗಳಿಗೆ ಸೊಪ್ಪು ಉದುರಿಸಿದೆವು. ನಂತರ ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು, ನನ್ನ ಕೈ ಹಿಡಿದು, ನೇರವಾಗಿ ಆ ಹೆಂಗಸರ ನಡುವೆ ಹೋಗಿ ನಿಂತಳು.

"ಜಯಾ," ಎಂದು ಅವ್ವನನ್ನು ಕರೆದಳು. "ನಿನ್ ಮಗೀನ ನೋಡುದ್ರೆ ನಂಗೆ ಹೊಟ್ಟೆ ಉರೀತದೆ ಕಣವ್ವ. ಅದ್ನ ಒಳಗೇ ಮಡೀಕಂಡು ನಿನ್ ಕೂಸ ಎತ್ಕಳಕ್ಕೆ ನನ್ ಕೈಲಾಗಕಿಲ್ಲ. ಅದ್ಕೇ ಏಳ್ಬುಟ್ಟೆ. ಈಗ ಎತ್ಕಳ್ಳಾ?"

ಚಿಕ್ಕಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು. ಹೊಟ್ಟೆಕಿಚ್ಚನ್ನು ಯಾರಾದರೂ ಹೀಗೆ ನಾಲ್ಕು ಜನರೆದುರು, ಅಂಗೈ ಮೇಲಿಟ್ಟುಕೊಂಡು ತೋರಿಸಿದ್ದನ್ನು ನಾನು ಇಂದಿಗೂ ಇನ್ನೊಮ್ಮೆ ಕಂಡಿಲ್ಲ. ಅಂದು ದೊಡ್ಡವ್ವ ನನ್ನ ಕಣ್ಣಿಗೆ ನಮ್ಮ ತೊಟ್ಟಿಮನೆಯ ಕಂಬಗಳಿಗಿಂತ ಎತ್ತರವಾಗಿ ಕಂಡಳು. ಅವ್ವ ಅವಳನ್ನೇ ನೋಡುತ್ತಿದ್ದವಳು, ಸೊಂಟ ಹಿಡಿದುಕೊಂಡು ಎದ್ದು, ಮಗುವನ್ನು ಸ್ವತಃ ಎತ್ತಿ ಅವಳ ತೋಳಿಗಿಟ್ಟಳು. ದೊಡ್ಡವ್ವ ಬಹಳ ಹೊತ್ತು ಮಗುವನ್ನು ನೋಡಿ, "ಮೂಗು ನಮ್ಮತ್ತೆದೇ, ಪಾಪ" ಎಂದಳು. ಮೊದಲು ನಕ್ಕಿದ್ದು ಅಜ್ಜಿಯೇ.

ಅಂದಿಗೆ ಅದು ಮುಗಿಯಿತೆಂದು ಹೇಳಲಾರೆ. ತಮ್ಮ ಮಂಜ ಮೊದಲ ಹೆಜ್ಜೆ ಇಟ್ಟ ದಿನ, ಅವ್ವಾ ಎಂದು ಮೊದಲು ಕೂಗಿದ ದಿನ, ದೊಡ್ಡವ್ವ, ಇವತ್ತು ನನ್ ಕೈಲಾಯ್ತಿಲ್ಲ ಜಯಾ, ನೀನೇ ನೋಡ್ಕೊ ಎಂದು ಹುಳುವಿನ ಕೋಣೆ ಸೇರುತ್ತಿದ್ದಳು. ಸಂಜೆಗೆ ತಿರುಗಿ ಬರುತ್ತಿದ್ದಳು, ಕಣ್ಣು ಕೆಂಪು, ಮುಖ ಹಗುರ. ಆಗ ಅವ್ವ ಏನೂ ಕೇಳದೆ ಅವಳಿಗೆ ಕಾಫಿ ಕೊಡುತ್ತಿದ್ದಳು. ನಾನೂ ಅವಳಂತೆಯೇ ಉರಿದೆ, ಹೇಳಿದೆ, ಅತ್ತೆ. ಹಾಗೆ ಹೇಳುತ್ತಾ ಹೇಳುತ್ತಾ ಯಾವಾಗಲೋ ಅವನ ಅಕ್ಕನಾದೆ.

ದೊಡ್ಡಪ್ಪ, ಅಜ್ಜಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದ ಮೇಲೆ ಪಾಂಡವಪುರದಲ್ಲಿ ಟ್ರಾಕ್ಟರ್ ರಿಪೇರಿ ಅಂಗಡಿ ಇಟ್ಟಿರುವ ಮಂಜ ದೊಡ್ಡವ್ವನನ್ನು ತನ್ನ ಮನೆಗೆ ಕರೆದೊಯ್ದ. ಕಡೆಕಡೆಗೆ ಅವಳಿಗೆ ಅವನ ಗುರುತು ಮಾತ್ರ ಉಳಿದಿತ್ತು. ನಾನು ನಾಗಮಂಗಲದಿಂದ, ಪಾಠ ಮಾಡುವ ಸ್ಕೂಲಿಗೆ ರಜೆ ಹಾಕಿ ಹೋದರೆ, ಯಾರವ್ವ ನೀನು ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾಗದೆ ಹಿತ್ತಲಲ್ಲಿ ಮಂಜನಿಗೆ ಹೇಳಿಬಿಟ್ಟೆ, ನನಗೆ ನಿನ್ನ ಕಂಡರೆ ಹೊಟ್ಟೆ ಉರಿಯುತ್ತದೆ ಎಂದು. ಅವನು ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ನಿಂತ.

"ನಂಗೂ ಅಂಗೇ ಆಯ್ತದೆ ಕಣಕ್ಕ," ಎಂದ. "ನಾನ್ ಹುಟ್ಟಕ್ ಮುಂಚೆ ಅವ್ಳು ನಿಂಗೊಬ್ಳಿಗೇ ಇದ್ಲು. ಆ ದೊಡ್ಡವ್ವನ್ನ ನಾನು ನೋಡ್ಲೇ ಇಲ್ಲ."

ಇಬ್ಬರೂ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತೆವು.

ಅವಳನ್ನು ಸಿಂಧಘಟ್ಟದ ನಮ್ಮ ಹೊಲದಲ್ಲೇ, ದೊಡ್ಡಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಮಗನ ಸ್ಥಾನದಲ್ಲಿರುವವನು ಮೊದಲು ಹಾಕಲಿ ಎಂದರು ಹಿರಿಯರು. ಮಂಜ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ತಿರುಗಿ, ಅದನ್ನು ನನ್ನ ಅಂಗೈಗೆ ಸುರಿದು, "ನೀನ್ ಮೊದ್ಲು ಬಂದೋಳು" ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತ.