ಅಮಾನತು: ಒಂದು ಮಾರ್ಕಿನ ಉತ್ತರ

ಮೊನ್ನೆ ಬೀರು ಕ್ಲೀನ್ ಮಾಡುವಾಗ ಹಳೆಯ ಫೈಲೊಂದರಿಂದ ಕಾರ್ಬನ್ ಪೇಪರಿನ ವಾಸನೆ ಬಂತು. ನಮ್ಮ ಸಿವಿಕ್ಸ್ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕ. ಅರಸೀಕೆರೆಯ ಖಾಸಗಿ ಹೈಸ್ಕೂಲೊಂದಕ್ಕೆ ನಾನು ಹೆಡ್‌ಮಿಸ್ಟ್ರೆಸ್. ಮೇಷ್ಟ್ರು ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಮರ್ಜೆನ್ಸಿಯಲ್ಲಿ ಕರಪತ್ರ ಹಂಚಿ ಜೈಲಿಗೆ ಹೋಗಿದ್ದವರೆಂದು ಎಲ್ಲರಿಗೂ ಗೊತ್ತಿತ್ತು; ಅವರಾಗಿ ಎಂದೂ ಹೇಳಿಕೊಂಡವರಲ್ಲ.

ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಸಾಲು: ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡಬಹುದು. ಪರೀಕ್ಷೆಗೆ ಒಂದು ಮಾರ್ಕು, ಅಷ್ಟೇ! ಮೇಷ್ಟ್ರು ಆ ಪಾಠ ಮಾಡುತ್ತಿದ್ದ ದಿನ ನಾನು ಕಾರಿಡಾರಿನಲ್ಲಿ ರೌಂಡ್ಸಿಗೆ ಹೊರಟಿದ್ದೆ. ಕೊಬ್ಬರಿ ವ್ಯಾಪಾರದವರ ಮನೆಯ ಹುಡುಗಿ ಎದ್ದು ಕೇಳಿದಳು: “ಸಾರ್, ಅಮಾನತು ಅಂದ್ರೆ ಜೋಪಾನವಾಗಿ ಇಟ್ಕೊಂಡು ವಾಪಸ್ ಕೊಡೋದಲ್ವಾ? ನಮ್ಮಜ್ಜ ಹಂಗೇ ಅಂತಾರೆ.”

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ.

“ವಾಪಸ್ ಕೊಟ್ರು ಕಣಮ್ಮ. ಅಷ್ಟೊತ್ತಿಗೆ ನಮ್ಮಪ್ಪನ್ನ ಮಣ್ಣು ಮಾಡಿ ವರ್ಷ ಆಗಿತ್ತು. ಮುಖ ನೋಡಕ್ಕೂ ಬಿಡ್ಲಿಲ್ಲ. ನನ್ನನ್ನ ಯಾಕೆ ಹಿಡ್ಕೊಂಡಿದೀರಿ ಅಂತ ಕೋರ್ಟಲ್ಲಿ ಕೇಳೋ ಹಕ್ಕೂ ಅಮಾನತಲ್ಲೇ ಇತ್ತು.”

ಮಾತು ಊರೆಲ್ಲ ಸುತ್ತಿತು. ಆ ಕಾಲದಲ್ಲಿ ಎಮರ್ಜೆನ್ಸಿಗೆ ಜೈಕಾರ ಹಾಕಿದ್ದವರೇ ನಮ್ಮ ಸ್ಕೂಲ್ ಕಮಿಟಿಯ ಅಧ್ಯಕ್ಷರು. ಮರುದಿನವೇ ನನ್ನ ರೂಮಿಗೆ ನುಗ್ಗಿದರು.

“ಏನ್ ಮೇಡಂ, ಈವಯ್ಯನ್ನ ಇಟ್ಕೊಂಡಿರೋದು ಪಾಠ ಮಾಡಕ್ಕೋ, ಜೈಲ್ ಪುರಾಣ ಓದಕ್ಕೋ? ಸಸ್ಪೆಂಡ್ ಮಾಡಿ ಬಿಸಾಕಿ!”

ಮೇಷ್ಟ್ರನ್ನು ಕರೆದು ಒಂದು ಮಾತು ಕೇಳೋಣ ಎನ್ನಬಹುದಿತ್ತು. ಎನ್ನಲಿಲ್ಲ. ಡಿಸಿಪ್ಲಿನ್ ಎಂದುಕೊಂಡು, ‘ಅಮಾನತಿನಲ್ಲಿಡಲಾಗಿದೆ’ ಎಂದು ನೀಟಾಗಿ ಮೂರು ಪ್ರತಿ ಟೈಪ್ ಮಾಡಿಸಿ ಸಹಿ ಹಾಕಿದೆ.

ಮೇಷ್ಟ್ರು ನಿಂತೇ ಓದಿದರು. ಕೂತ್ಕೊಳ್ಳಿ ಎಂದೂ ನಾನು ಹೇಳಲಿಲ್ಲ.

“ಯಾಕೆ ಅಂತ ಬರ್ದೇ ಇಲ್ವಲ್ಲ ಮೇಡಂ... ಇರ್ಲಿ ಬಿಡಿ. ಆಗ್ಲೂ ಬರ್ದಿರ್ಲಿಲ್ಲ.”

ಮತ್ತೆ ಅವರು ಸ್ಕೂಲಿನ ಗೇಟು ದಾಟಿ ಒಳಗೆ ಬರಲಿಲ್ಲ.

ಎಮರ್ಜೆನ್ಸಿ ಹೇರಿದವರ ಮೇಲೆ ನನಗೆ ಈಗಲೂ ಕೆಂಡದಂಥ ಸಿಟ್ಟು. ಆ ಅಧ್ಯಕ್ಷರ ಮೇಲೂ. ಆದರೆ ನನಗೆ ಯಾವ ಪೊಲೀಸಿನ, ಯಾವ ಜೈಲಿನ ಹೆದರಿಕೆ ಇತ್ತು? ಕಾಫಿ ಕುಡಿಯುತ್ತ ಸಹಿ ಹಾಕಿದೆನಲ್ಲ, ಕಾಫಿ ಕುಡಿಯುತ್ತ!

ಈಗ ಮೇಷ್ಟ್ರಿಲ್ಲ. ನಿನ್ನೆ ಹೇಗೋ ನಂಬರ್ ಹುಡುಕಿ ಅವರ ಹೆಂಡತಿಗೆ ಫೋನ್ ಮಾಡಿದೆ.

“ಯಾರ್ರೀ ಮಾತಾಡ್ತಿರೋದು?”

ನಾನು ಓದಿದ ಕಾನ್ವೆಂಟಿನಲ್ಲಿ ಮಾತುಮಾತಿಗೂ ಹೇಳಿ ರೂಢಿಯಾದ ‘ಸಾರಿ’ಯ ಬದಲು, ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ.