ಅಮ್ಮ ಒಬ್ಬಳೇ ಕೇಳಬೇಕಾದ ಕ್ಯಾಸೆಟ್

ನಮ್ಮ ಮನೆಯಲ್ಲಿ ಫ್ಯೂಸ್ ಹೋದರೆ ಕರೆಯುತ್ತಿದ್ದದ್ದು ನನ್ನನ್ನು. ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟರೆ, ಮಗ್ಗದ ಮೋಟಾರು ಹಟ ಹಿಡಿದರೆ ಅಪ್ಪ ಕೂಡ ನನ್ನ ಮುಖವನ್ನೇ ನೋಡುತ್ತಿದ್ದರು. ಎಸ್ಸೆಸ್ಸೆಲ್ಸಿ ದಾಟದ ಹೆಣ್ಣುಮಗಳಿಗೆ ಇಷ್ಟು ವಿದ್ಯೆ ಬಂದರೆ ಕೊಬ್ಬು ಬರದೆ ಇರುತ್ತದೆಯೇ? ಬಂದಿತ್ತು. ಕೆಟ್ಟ ವಸ್ತುವಿನ ಮೇಲೆ ನನಗೆ ಎಲ್ಲಿಲ್ಲದ ತಾಳ್ಮೆ, ಅದನ್ನು ಬಳಸಲು ಬಾರದವರ ಮೇಲೆ ಎಲ್ಲಿಲ್ಲದ ಸಿಟ್ಟು. ಆ ಸಿಟ್ಟು ನನ್ನ ತಂಗಿಗೆ ಏನು ಮಾಡಿತು ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಕಾರರ ಮನೆ. ಮುಂದಿನ ಹಜಾರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ನಾವು. ನನ್ನನ್ನು ಅದೇ ಊರಿನಲ್ಲಿ ಎರಡು ಬೀದಿ ಆಚೆ ಕೊಟ್ಟಿದ್ದರು. ಬೆಳಗ್ಗೆ ಗಂಡನಿಗೆ ಡಬ್ಬಿ ಕಟ್ಟಿ ಬಂದರೆ ಸಂಜೆಯವರೆಗೂ ತವರಿನ ಮಗ್ಗದಲ್ಲೇ ನನ್ನ ಕೆಲಸ. ತಂಗಿಯನ್ನು ಮಾತ್ರ ಸೂರತ್ತಿಗೆ ಕೊಟ್ಟರು. ಅಲ್ಲಿಯವರೂ ನಮ್ಮ ಜನವೇ, ನೂಲಿನ ವ್ಯವಹಾರದಲ್ಲಿ ಪರಿಚಯವಾದವರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರ ಮನೆಯಲ್ಲೂ ಫೋನಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ಕಾಗದ ಬಂದರೆ ಅಪ್ಪ ಒಡೆದು, ಮಗ್ಗದ ಸದ್ದನ್ನೂ ಮೀರಿಸಿ, ಕೆಲಸದವರಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ತಂಗಿಯ ಕಾಗದಗಳಲ್ಲಿ ಇರುತ್ತಿದ್ದದ್ದು ಊರಿಗೆಲ್ಲ ಓದಿ ಹೇಳಬಹುದಾದ ಮಾತು ಮಾತ್ರ.

ಮಗ್ಗದ ಮನೆಯವರ ಮಾತು ಅರ್ಧ ತುಟಿಯಲ್ಲಿ, ಅರ್ಧ ಕೈಯಲ್ಲಿ. ಆ ಲಟಲಟ ಸದ್ದಿನಲ್ಲಿ ಕಿವಿಯನ್ನು ನಂಬಿ ಕೂತರೆ ಕೆಲಸ ಆಗುವುದಿಲ್ಲ. ಈ ವಿದ್ಯೆಯಲ್ಲಿ ಅಮ್ಮನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಆ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಕೂತು, ಈ ಮೂಲೆಯಲ್ಲಿ ನಾವು ಅಕ್ಕತಂಗಿಯರು ಗೊಣಗಿದ್ದನ್ನೆಲ್ಲ ಹಿಡಿದುಬಿಡುತ್ತಿದ್ದಳು. ಬಾಯೊಳಗೇ ಬೈದುಕೊಳ್ಳುವ ಸುಖವೂ ನಮಗಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗಲೂ ಅಮ್ಮ ಹತ್ತಿರ ಬಂದು, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡೇ ಮಾತಾಡುತ್ತಿದ್ದಳು. ಅದು ಅವಳ ಪ್ರೀತಿಯ ರೀತಿ ಎಂದುಕೊಂಡಿದ್ದೆವು.

ಒಂದು ಸಲ ನೂಲಿನ ಏಜೆಂಟ್ ಸೂರತ್ತಿನಿಂದ ಬಂದಾಗ ತಂಗಿ ಕೊಟ್ಟಳೆಂದು ಒಂದು ಪೊಟ್ಟಣ ತಂದ. ಒಳಗೆ ಒಂದು ಕ್ಯಾಸೆಟ್, ಒಂದು ಹೆಡ್‌ಫೋನ್, ಒಂದು ಚೀಟಿ. ಚೀಟಿಯಲ್ಲಿ ಬರೆದಿದ್ದಳು: "ಅಕ್ಕಾ, ಇದನ್ನ ಅಮ್ಮ ಒಬ್ಬಳೇ ಕೇಳಬೇಕು. ನೀನು ಟೇಪಿಗೆ ಹಾಕಿಕೊಟ್ಟು ಆಚೆ ಹೋಗು."

ನನಗೆ ಉರಿಯಿತು. ಜಡೆ ಹಾಕಿ ಬೆಳೆಸಿದವಳು ನಾನು, ಈಗ ಆಚೆ ಹೋಗಬೇಕಂತೆ! ಹೋಗಲಿ, ನನಗ್ಯಾಕೆ ನಿಮ್ಮ ಗುಟ್ಟು ಎಂದು ಮೂಗು ಮುರಿದುಕೊಂಡೇ ಟೇಪ್‌ರೆಕಾರ್ಡರ್ ಇಳಿಸಿದೆ. ಅದು ಮಗ್ಗದ ಹಜಾರದ ಗೂಡಿನಲ್ಲೇ ಇರುತ್ತಿತ್ತು. ತಂಗಿಯ ಕ್ಯಾಸೆಟ್ ಹಾಕುವ ಮೊದಲು ಪರೀಕ್ಷೆಗೆಂದು ಒಂದು ಭಕ್ತಿಗೀತೆಯ ಕ್ಯಾಸೆಟ್ ಹಾಕಿ, ಹೆಡ್‌ಫೋನಿನ ಪಿನ್ ಚುಚ್ಚಿದೆ. ಟೇಪಿಗೆ ಪಿನ್ ಬಂದದ್ದೇ ಗೊತ್ತಾಗಲಿಲ್ಲ. ಹಾಡು ಸ್ಪೀಕರಿನಲ್ಲೇ ಜೋರಾಗಿ ಹೊರಟಿತು, ಹೆಡ್‌ಫೋನ್ ಮೌನವಾಗಿತ್ತು. ಒತ್ತಿದೆ, ತಿರುಗಿಸಿದೆ, ಪಿನ್ನನ್ನು ಸೆರಗಿನಿಂದ ಉಜ್ಜಿದೆ. ಏನು ಮಾಡಿದರೂ ಕಾಳಿನಷ್ಟು ಹೊರಗೇ ನಿಲ್ಲುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ರೇಡಿಯೊ ರಿಪೇರಿಯವನ ಬಳಿ ಒಯ್ದೆ. ಅವನು ತೂತಿಗೆ ದಬ್ಬಳ ಹಾಕಿ ಮೆಲ್ಲಗೆ ತಿರುಗಿಸಿ ಎಳೆದ. ಒಳಗಿನಿಂದ ಗಟ್ಟಿಯಾಗಿ ಸುತ್ತಿಕೊಂಡ ನೂಲಿನ ದೂಳು ಹೊರಬಂತು. ಕೆಂಪು, ಹಸಿರು, ನವಿಲು ನೀಲಿ, ನಾವು ಆ ವರ್ಷ ನೇಯ್ದ ಬಣ್ಣವೆಲ್ಲ ಅದರಲ್ಲಿತ್ತು.

"ಏನಮ್ಮಾ, ಟೇಪಿಗೂ ಸೀರೆ ಉಡಿಸ್ಬಿಟ್ಟಿದೀರಲ್ಲ!" ಎಂದು ನಕ್ಕ. ಪಿನ್ ಟಕ್ಕೆಂದು ಒಳಗೆ ಕೂತಿತು. ಸ್ಪೀಕರ್ ಸುಮ್ಮನಾಯಿತು, ಹಾಡು ನನ್ನ ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಗೆದ್ದ ಖುಷಿಯಲ್ಲಿ ಮನೆಗೆ ಬಂದೆ.

ಅಡುಗೆಮನೆಯಲ್ಲಿ ಅಮ್ಮನನ್ನು ಕೂರಿಸಿ, ಹೆಡ್‌ಫೋನ್ ಏರಿಸಿ, ತಂಗಿಯ ಕ್ಯಾಸೆಟ್ ಹಾಕಿ ಹೊರಗೆ ಹೋದೆ. ಐದು ನಿಮಿಷಕ್ಕೆ ಅಮ್ಮ ಬಾಗಿಲಿಗೆ ಬಂದು ಕೈಯಾಡಿಸಿದಳು.

"ಏನೂ ಬರ್ತಿಲ್ಲ ಕಣೇ. ಗುಂಯ್ ಅಂತದೆ ಅಷ್ಟೇಯ."

ಗುಂಯ್ ಎಂದರೆ ವೈರು ಎಲ್ಲೋ ಬಿಟ್ಟುಕೊಂಡಿದೆ, ನನ್ನ ವಿದ್ಯೆ ಹೇಳಿದ್ದು ಅದು. ಹಾಡಿನ ಕ್ಯಾಸೆಟ್ ಹಾಕಿ ನಾನು ಕೇಳಿದರೆ ಸರಿಯಾಗಿತ್ತು. ಅಮ್ಮನಿಗೆ ಕೊಟ್ಟರೆ ಮತ್ತೆ ಗುಂಯ್. ಬ್ಯಾಟರಿ ಬದಲಿಸಿದೆ. ಪಿನ್ ಹತ್ತಿರ ವೈರು ಬಗ್ಗಿಸಿ ದಾರ ಕಟ್ಟಿದೆ. ಎಡದ್ದನ್ನು ಬಲಕ್ಕೆ ಹಾಕಿದೆ. ಅಂಗಡಿಗೆ ಇನ್ನೊಮ್ಮೆ ಒಯ್ದರೆ ಅವನು ಕಿವಿಗಿಟ್ಟು ಕೇಳಿ, "ಇದಕ್ಕೇನೂ ಆಗಿಲ್ವಲ್ಲಮ್ಮ" ಎಂದು ವಾಪಸ್ ಕೊಟ್ಟ. ಇಷ್ಟರಲ್ಲಿ ನಾಲ್ಕು ದಿನ ಹೋಗಿತ್ತು. ತಂಗಿಯ ಕ್ಯಾಸೆಟ್ಟನ್ನೇ ನಾನು ಒಂದು ಗಳಿಗೆ ಕೇಳಿದ್ದರೆ ಎಲ್ಲವೂ ತಿಳಿದುಬಿಡುತ್ತಿತ್ತು. ಕೇಳಲಿಲ್ಲ. ಚೀಟಿಗೆ ಮರ್ಯಾದೆ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅದು ಬರೀ ಸೊಕ್ಕು.

ಐದನೆಯ ದಿನ ಅಮ್ಮ ಮತ್ತೆ "ಬರ್ತಿಲ್ಲ" ಎಂದಾಗ ನಾನು ಹಾರಾಡಿಬಿಟ್ಟೆ. "ಎಲ್ರಿಗೂ ಬರುತ್ತೆ, ನಿಂಗೊಬ್ಬಳಿಗೆ ಬರಲ್ವಾ? ಕಿವಿಗಿಟ್ಕೊಂಡು ಕೂತ್ಕೊಳ್ಳೋಕೂ ನಾನು ಪಾಠ ಮಾಡ್ಬೇಕಾ? ನಂಗೇನು ಬೇರೆ ಕೆಲ್ಸ ಇಲ್ವಾ?"

ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಹೆಡ್‌ಫೋನನ್ನು ತಲೆಗೇರಿಸಿಕೊಂಡು, ಎರಡೂ ಕೈಯಲ್ಲಿ ಒತ್ತಿ ಹಿಡಿದು, ಸ್ವಲ್ಪ ಹೊತ್ತಿಗೆ ಮುಖ ಅರಳಿಸಿದಳು.

"ಹಾಂ, ಬಂತು ಬಂತು. ಈಗ ಬಂತು ನೋಡು."

ನಾನು ಹೊರಗೆ ಹೋದೆ. ಅರ್ಧ ಗಂಟೆಯ ಮೇಲೆ ಬಂದು ಏನಂದಳು ಎಂದು ಕೇಳಿದೆ, ತಡೆಯಲಾಗಲಿಲ್ಲ. "ಚೆನ್ನಾಗವಳಂತೆ. ಅಲ್ಲೂ ಚಳಿಯಂತೆ" ಎಂದಳು. ಇಷ್ಟಕ್ಕೆ ಇಷ್ಟು ಗುಟ್ಟೇ ಎಂದುಕೊಂಡೆ.

ಏಜೆಂಟ್ ವಾಪಸ್ ಹೋಗುವ ಮೊದಲು ಉತ್ತರ ಕಳಿಸಬೇಕಿತ್ತು. ಹೊಸ ಕ್ಯಾಸೆಟ್ ತಂದು, ಮಧ್ಯಾಹ್ನ ಕರೆಂಟು ಹೋದ ಹೊತ್ತು ನೋಡಿ, ಕೆಂಪು ಗುಂಡಿ ಒತ್ತಿ ಅಮ್ಮನ ಮುಂದಿಟ್ಟೆ. ಅಮ್ಮ ಬಾವಿಗೆ ಬಗ್ಗಿ ಕೂಗುವವಳ ಹಾಗೆ ಗಟ್ಟಿಯಾಗಿ ಹೇಳಿದಳು: "ನೀನು ಹೇಳಿದ್ದೆಲ್ಲಾ ಕೇಳಿಸ್ಕೊಂಡೆ ಕಣವ್ವಾ. ಮನಸ್ಸಿಗೆ ಸಂತೋಷ ಆಯ್ತು. ಹೊಟ್ಟೆ ತುಂಬಾ ಉಣ್ಣು. ಅತ್ತೆ ಹೇಳ್ದಂಗೆ ಹೊಂದ್ಕೊಂಡು ಹೋಗು. ಇಲ್ಲಿ ಮಗ್ಗ ಬಿಟ್ಟು ಬರಕ್ಕಾಗಲ್ಲ, ಮುಂದಿನ ಹಬ್ಬಕ್ಕೆ ನೀನೇ ಬಾ." ನಾನು ಪಕ್ಕದಲ್ಲಿ ಕೂತು, ಚೆನ್ನಾಗಿ ಹೇಳಿದೆ ಎಂದು ತಲೆಯಾಡಿಸುತ್ತಿದ್ದೆ.

ತಂಗಿಯಿಂದ ಮತ್ತೆ ಕ್ಯಾಸೆಟ್ ಬರಲಿಲ್ಲ. ಎರಡು ತಿಂಗಳಲ್ಲಿ ಅಪ್ಪನ ಹೆಸರಿಗೆ ಒಂದು ಕಾರ್ಡು ಬಂತು, ಅದರಲ್ಲೂ ಎರಡೇ ಸಾಲು. ಅಮ್ಮ ಮಾತ್ರ ಬಿಡುವಾದಾಗೆಲ್ಲ ಅದೇ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದಳು. ಮಗಳ ಮೇಲೆ ಎಷ್ಟು ಹಂಬಲ ಎಂದು ಕೆಲಸದವರು ಆಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಅಡುಗೆಮನೆಗೆ ನೀರು ಕುಡಿಯಲು ಹೋದರೆ ಅಮ್ಮ ಗೋಡೆಗೆ ಮುಖ ಮಾಡಿ, ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದಳು. ಟೇಪಿನ ಗುಂಡಿ ಯಾವಾಗಲೋ ಮೇಲೆದ್ದಿತ್ತು, ಚಕ್ರ ನಿಂತಿತ್ತು. ಅಮ್ಮ ಇನ್ನೂ ಕೇಳುತ್ತಿದ್ದಳು. ನಾನು ಹೋಗಿ ಹೆಡ್‌ಫೋನನ್ನು ಅವಳ ತಲೆಯಿಂದ ತೆಗೆದೆ. ಅವಳು ತಿರುಗುವ ಮೊದಲೇ, ಬೆನ್ನ ಹಿಂದೆಯೇ ನಿಂತು, "ಅಮ್ಮಾ" ಎಂದೆ. ಅಮ್ಮ ಗೋಡೆ ನೋಡುತ್ತಲೇ ಅಂಗೈಯಿಂದ ಕಿವಿ ಉಜ್ಜಿಕೊಂಡಳು. ಇನ್ನೂ ಜೋರಾಗಿ "ಅಮ್ಮಾ!" ಎಂದೆ. ಹೊರಗಿನಿಂದ ಕೆಲಸದವನೊಬ್ಬ ಏನೆಂದು ಕೇಳಿದ. ಅಮ್ಮ ತಿರುಗಲಿಲ್ಲ.

ಕ್ಯಾಸೆಟ್ ಮೊದಲಿಗೆ ಸುತ್ತಿ, ಹೆಡ್‌ಫೋನ್ ನಾನೇ ಹಾಕಿಕೊಂಡೆ. ಹೆಡ್‌ಫೋನಿಗೆ ಏನೂ ಆಗಿರಲಿಲ್ಲ. ತಂಗಿ ಉಸಿರೆಳೆದುಕೊಂಡದ್ದು ಕೂಡ ಕೇಳುತ್ತಿತ್ತು.

"ಅಮ್ಮಾ, ಮೂರು ತಿಂಗಳಾಗಿತ್ತು. ಐದು ತುಂಬ್ಲಿ, ಆಮೇಲೆ ನಿಮಗೆ ಹೇಳೋಣ ಅಂದಿದ್ರು. ನಿಲ್ಲಲಿಲ್ಲ ಅಮ್ಮಾ. ಇಲ್ಲಿ ಯಾರೂ ಅದರ ಮಾತೇ ಎತ್ತಲ್ಲ, ನಾನು ಅತ್ರೆ ಎದ್ದು ಹೋಗ್ತಾರೆ. ಅಪ್ಪಂಗೆ ಹೇಳ್ಬೇಡ. ಸುಮ್ನೆ ನೋಡೋಕೆ ಬಂದೆ ಅಂತ ಬಂದು ನನ್ನ ಒಂದು ತಿಂಗಳು ಕರ್ಕೊಂಡ್ಹೋಗು. ನಿನ್ನ ಹತ್ರ ಮಲಗ್ಬೇಕು ಅನ್ನಿಸ್ತಿದೆ." ಆಮೇಲೆ ಬಹಳ ಹೊತ್ತು ಬರೀ ಅಳು.

ಇದಕ್ಕೆ ನಾವು ಸಂತೋಷವಾಯಿತು ಎಂದು ಉತ್ತರ ಕಳಿಸಿದ್ದೆವು. ಗುಂಡಿ ಒತ್ತಿದವಳು ನಾನು.

ಅಮ್ಮನ ಮುಂದೆ ಕೂತು, ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಸದ್ದು ಬರ್ತದೆ, ಮಾತು ಬರಲ್ಲ. ಮುಖ ಕಂಡ್ರೆ ಗೊತ್ತಾಯ್ತದೆ. ಇದ್ರಾಗೆ ಮುಖ ಎಲ್ಲದೆ? ನಗ್ತಾಳೋ ಅಳ್ತಾಳೋನೂ ತಿಳೀಲಿಲ್ಲ" ಎಂದಳು. ಆಮೇಲೆ, "ನೀನು ಬೈತಿದ್ದೆ ಕಣವ್ವಾ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕ್ಯಾಸೆಟ್ಟಿನಲ್ಲಿ ಇದ್ದದ್ದನ್ನು ಅವಳ ಕಣ್ಣೆದುರು ತುಟಿಯಲ್ಲಿ ಒಂದೊಂದಾಗಿ ಹೇಳಬೇಕಾಯಿತು. ಅಮ್ಮ ಎದ್ದು ಟ್ರಂಕಿನಿಂದ ಎರಡು ಸೀರೆ ತೆಗೆದು ಚೀಲಕ್ಕೆ ಹಾಕಿದಳು.

ಅಪ್ಪನಿಗೆ ಏನೋ ಸಬೂಬು ಹೇಳಿ ರೈಲು ಹತ್ತಿದೆವು. ಸೂರತ್ತಿನಲ್ಲಿ ತಂಗಿ ಬಾಗಿಲು ತೆಗೆದು, ಕಾಲಿಗೆ ನೀರು ಕೊಟ್ಟು, ನೆಂಟರನ್ನು ಕೂರಿಸುವ ಹಾಗೆ ಕೂರಿಸಿದಳು. ತೆಳ್ಳಗಾಗಿದ್ದಳು. ಅವಳ ಅತ್ತೆ ಅಂಗಡಿಗೆ ಹೋದಾಗ ಒಂದೇ ಉಸಿರಿಗೆ ಎಲ್ಲ ಹೇಳಿದೆ, ಅಮ್ಮನ ಕಿವಿ, ನನ್ನ ಬೈಗುಳ, ಆ ಉತ್ತರ. ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು.

"ಅಮ್ಮಂಗೆ ಕೇಳಿಸ್ತಿರ್ಲಿಲ್ಲ. ಸರಿ. ಆ ನಿನ್ ಕ್ಯಾಸೆಟ್ ಬಂದ ದಿನ ನಾನು ಎಷ್ಟು ಸಲ ಹಾಕ್ಕೊಂಡು ಕೇಳಿದೀನಿ ಗೊತ್ತಾ ಅಕ್ಕಾ? ಇನ್ನೆಲ್ಲಾದ್ರೂ ಬೇರೆ ಮಾತು ಹೇಳಿದಾಳೇನೋ ಅಂತ, ಕೊನೇವರೆಗೂ."

ಅಮ್ಮ ನಮ್ಮಿಬ್ಬರ ಬಾಯಿಗಳನ್ನು ಒಂದಾದ ಮೇಲೊಂದು ನೋಡುತ್ತಾ, ತಂಗಿಯ ಹತ್ತಿರ ಸರಿದು ಅವಳ ಗಲ್ಲ ಹಿಡಿದಳು. "ನಡಿಯವ್ವಾ, ಊರಿಗೆ ಹೋಗಾನ. ನಮ್ಮತ್ರ ಇರೀವಂತೆ" ಎಂದಳು.

ತಂಗಿ ಆ ಕೈಯನ್ನು ಬಿಡಿಸಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಅಮ್ಮನಿಗೆ ಕಾಣುವ ಹಾಗೆ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಆವಾಗ ಬೇಕಾಗಿತ್ತಮ್ಮಾ. ಈಗ ಬೇಡ."

ಅಮ್ಮನಿಗೆ ಒಂದಕ್ಷರವೂ ತಪ್ಪಲಿಲ್ಲ.