ಎರಡೇ ಹೋಳು

ಮಾವನವರಿಗೆ ಶುಗರ್ ಇದೆಯೆಂದು ನಾನೇ ಹಟ ಹಿಡಿದು ಏರ್ ಫ್ರೈಯರ್ ತಂದಿದ್ದೆ. ವೈಟ್‌ಫೀಲ್ಡಿನ ನಮ್ಮ ಫ್ಲಾಟಿನಲ್ಲಿ ಎಣ್ಣೆಯ ಬಾಣಲೆ ಅಟ್ಟ ಸೇರಿತು. ಗೆಣಸಿಗೂ ಗಜ್ಜರಿಗೂ ತೆಳ್ಳಗೆ ಬೆಲ್ಲದ ಪಾಕ ಸವರಿ ಅದರಲ್ಲಿಟ್ಟರೆ, ಟಿಂಗ್ ಎಂದ ಕೂಡಲೇ ಅವರು ತಟ್ಟೆ ಹಿಡಿದು ಅಡುಗೆಮನೆ ಬಾಗಿಲಿಗೆ ಬರುತ್ತಿದ್ದರು. ನಾನು ಎರಡು ಹೋಳು ಹಾಕುತ್ತಿದ್ದೆ.

"ಇನ್ನೊಂದು ನೀಡವ್ವಾ."

"ಎರಡೇ, ಮಾವಾರ. ಸಾಕು."

ನಿಜ ಹೇಳಬೇಕೆಂದರೆ, ಆ ಗದರಿಕೆಯಲ್ಲಿ ನನಗೊಂದು ಗತ್ತೂ ಇತ್ತು. ಕೊನೆಯವರೆಗೂ ಅವರ ಶುಗರ್ ಹತೋಟಿಯಲ್ಲೇ ಇತ್ತು. ಒಂದು ಬೆಳಿಗ್ಗೆ ಹೃದಯ ನಿಂತಿತು.

ಹನ್ನೊಂದನೆಯ ದಿನ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡಬೇಕಿತ್ತು. "ಗೆಣಸು ಮರೀಬ್ಯಾಡ," ಎಂದಿದ್ದರು ಅತ್ತೆ. ಫ್ರೈಯರಿನ ಬುಟ್ಟಿ ತುಂಬ ಬೇಯಿಸಿದೆ. ಬೆಲ್ಲವನ್ನೂ ಈ ಸಲ ಕೈಬಿಚ್ಚಿ ಸವರಿದೆ. ಬಾಳೆಲೆಗೆ ಎಲ್ಲವನ್ನೂ ಬಡಿಸಿ, ದೀಪ ಹಚ್ಚಿ ಕೈಮುಗಿದೆ.

ಅತ್ತೆ ಮಾತ್ರ ಎಲೆಯನ್ನೇ ನೋಡುತ್ತ ನಿಂತಿದ್ದರು. ಅಭ್ಯಾಸಬಲದಿಂದ ನನ್ನ ಕೈ ಗೆಣಸಿನ ಎರಡೇ ಹೋಳು ಹಾಕಿತ್ತು.

"ಈಗರೆ ಹೊಟ್ಟಿತುಂಬ ನೀಡವ್ವಾ," ಎಂದರು. "ಸತ್ತವರಿಗೆ ಶುಗರ್ ಏರೂದಿಲ್ಲ."